ಎರಡನೇ ಭಾಗದ ದಂಗೆ

ಮೊದಲ ಭಾಗದಲ್ಲಿ ಹುಡುಗಿ ತಪ್ಪಿಸಿಕೊಂಡು ಓಡಿಹೋಗುತ್ತಾಳೆ. ಎರಡನೇ ಭಾಗದಲ್ಲಿ ಹೊಡೆಯಲು ಮರಳಿ ಬರುತ್ತಾಳೆ. ಆ ಹೊಡೆದಾಟಗಳನ್ನು ಕಟ್ಟಿಕೊಡುವ ಕೆಲಸಕ್ಕೆ ನನ್ನನ್ನು ಕರೆದಿದ್ದರು.

ಕಾಲೇಜು ವಯಸ್ಸಿನವರು ಮೊಬೈಲಿನಲ್ಲಿ ನೋಡುವಂಥ ಸರಣಿ ಅದು. ಕಥೆ ಮುಂದೆಂದೋ ಬರಲಿರುವ ಕಾಲದ್ದು. ಬಾವಿ, ಕೆರೆಗಳಿಗೆಲ್ಲ ಬೀಗ ಬಿದ್ದಿರುತ್ತದೆ. ನೀರು ಬೇಕಾದವರು ತಮ್ಮ ಮಕ್ಕಳನ್ನು ಕಲ್ಲಿನ ಖಣಿಗೆ ದುಡಿಯಲು ಕಳಿಸಬೇಕು. ಕರಿ ಅಂಗಿ, ಕರಿ ಹೆಲ್ಮೆಟ್ಟಿನ ಕಾವಲು ಪಡೆಯೊಂದು ಆ ಖಣಿಯನ್ನು ಕಾಯುತ್ತದೆ. ಅಲ್ಲಿಂದ ಪಾರಾದ ಒಬ್ಬ ಹುಡುಗಿ ಗುಡ್ಡದಲ್ಲಿ ಅಲೆದು, ಹಸಿವು ತಡೆದು ಬದುಕುಳಿದು, ತನ್ನಂಥವರನ್ನು ಕೂಡಿಸಿಕೊಂಡು ಖಣಿಯ ಬಾಗಿಲಿಗೆ ದಂಗೆ ಎದ್ದು ಬರುತ್ತಾಳೆ. ಈ ದಂಗೆ ಚೆನ್ನಾಗಿ ಬಂದರೆ ಎಲ್ಲ ಬಂದಂತೆ ಎಂದು ಹೈದರಾಬಾದಿನಿಂದ ಬಂದಿದ್ದ ನಿರ್ದೇಶಕ ಮೊದಲ ದಿನವೇ ಹೇಳಿದ್ದ. ಆತನಿಗೆ ಮೂವತ್ತರ ಆಸುಪಾಸು. ಮಾತು ಮೃದು, ಹಟ ಗಟ್ಟಿ.

ಬಸವಕಲ್ಯಾಣದಲ್ಲಿ ನಮ್ಮದು ತಾಲೀಮು, ಗರಡಿಮನೆ. ಅಜ್ಜನ ಕಾಲದಿಂದ ಮನೆಯ ಹಿಂದಿನ ಅಖಾಡದಲ್ಲಿ ಕುಸ್ತಿ, ಲಾಠಿ ಕಲಿಸುತ್ತ ಬಂದಿದ್ದೇವೆ. ಸುತ್ತಲ ಊರವರಿಗೆ ನಾನು ಉಸ್ತಾದ್. ಹೊಡೆಯದೆ ಹೊಡೆದಂತೆ ಕಾಣಿಸುವ ವಿದ್ಯೆಯನ್ನು ಮಾತ್ರ ಹೊರಗೆ ಹೋಗಿ ಕಲಿತುಬಂದಿದ್ದೆ.

ಹುಮನಾಬಾದಿನ ಹೊರಗೆ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಗೋದಾಮಿನಲ್ಲಿ ತರಬೇತಿ ಶುರುವಾಯಿತು. ಹುಮನಾಬಾದ್, ಹಳ್ಳಿಖೇಡ, ದುಬಲಗುಂಡಿ ಕಡೆಯಿಂದ ನಲವತ್ತರಷ್ಟು ಹುಡುಗ ಹುಡುಗಿಯರು ಬಂದಿದ್ದರು. ನಿರ್ದೇಶಕ ಅವರನ್ನು ಸಾಲಾಗಿ ನಿಲ್ಲಿಸಿ ಎರಡು ಪಾಲು ಮಾಡಿದ. ಎತ್ತರದ, ಮೈ ತುಂಬಿಕೊಂಡವರು ಕಾವಲು ಪಡೆ. ಬಡಕಲು ಮೈಯವರು, ಬಿಸಿಲಿಗೆ ಬೆಂದ ಮುಖದವರು ದಂಗೆಕೋರರು. ಆತ ನೋಡಿದ್ದು ಕ್ಯಾಮೆರಾಕ್ಕೆ ಏನು ಒಪ್ಪುತ್ತದೆ ಎಂಬುದನ್ನಷ್ಟೇ. ಆದರೆ ಪಾಲಾದ ಮೇಲೆ ನೋಡಿದರೆ, ಒಬ್ಬಿಬ್ಬರನ್ನು ಬಿಟ್ಟು, ಒಂದು ಕಡೆ ಹೊಲ ಇದ್ದವರ ಮಕ್ಕಳು, ಇನ್ನೊಂದು ಕಡೆ ಆ ಹೊಲಗಳಿಗೆ ಕೂಲಿ ಹೋಗುವವರ ಮಕ್ಕಳು. ಎಲ್ಲರಿಗೂ ಅದು ಕಂಡಿತು.

ನಾನು ಮೊದಲು ಕಲಿಸುವುದು ಬೀಳುವುದನ್ನು. ಕಬ್ಬಿನ ರವದಿಯನ್ನು, ಅಂದರೆ ಒಣಗಿದ ಗರಿಯನ್ನು, ಮೊಣಕಾಲಷ್ಟು ಹರವಿ, ಮೇಲೆ ತಾಡಪತ್ರಿಯ ಟಾರ್ಪಾಲು ಎಳೆದು ಕಟ್ಟಿದರೆ ಒಳ್ಳೆಯ ಹಾಸಿಗೆಯಾಗುತ್ತದೆ. ಗದ್ದ ಎದೆಗೆ ಹತ್ತಬೇಕು, ಉಸಿರು ಹೊರಗೆ ಬಿಡಬೇಕು, ಬೆನ್ನು ನೆಲ ಮುಟ್ಟುವ ಮೊದಲು ಅಂಗೈಯಿಂದ ನೆಲಕ್ಕೆ ಬಡಿಯಬೇಕು. ಗುಂಪಿನಲ್ಲಿ ಬಿದ್ದರೆ ಮಲಗಿರಬಾರದು, ತಕ್ಷಣ ಮೊಣಕಾಲು ಮಡಚಿ, ಎರಡೂ ಕೈಯಿಂದ ತಲೆ, ಕಿವಿ ಮುಚ್ಚಿಕೊಂಡು ಉಂಡೆಯಾಗಬೇಕು. ಪಕ್ಕದವರು ಅವರ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದುಕೊಳ್ಳಬೇಕು. ಇದಾದ ಮೇಲೆಯೇ ಕೋಲು. ನಮ್ಮ ಕೋಲುಗಳು ಸಣ್ಣ ಪ್ಲಾಸ್ಟಿಕ್ ಕೊಳವೆಗೆ ಸ್ಪಂಜು ಸುತ್ತಿ, ಮೇಲೆ ಸೈಕಲ್ ಟ್ಯೂಬು ಏರಿಸಿದವು. ದೂರದಿಂದ ಥೇಟ್ ಲಾಠಿ. ಕೊನೆಯದಾಗಿ ಒಂದು ಕಟ್ಟುನಿಟ್ಟು: ಸಾಕು ಎಂಬರ್ಥದಲ್ಲಿ ನಾನು 'ಬಸ್' ಅಂದರೆ, ಯಾರು ಎಲ್ಲೇ ಇರಲಿ, ಏನೇ ನಡೆದಿರಲಿ, ಕೈಯಲ್ಲಿದ್ದ ಕೋಲು ನೆಲಕ್ಕೆ ಬಿಡಬೇಕು. ಇದನ್ನೇ ದಿನಾ ಮಾಡಿಸುತ್ತಿದ್ದೆ. ಗೋದಾಮಿನ ತುಂಬ ಕೋಲುಗಳು ಒಟ್ಟಿಗೆ ಬೀಳುವ ಸದ್ದು ಕೇಳಿದ ಮೇಲೆಯೇ ಚಹಾ.

ಕಥಾನಾಯಕಿಯ ಪಾತ್ರದ ಹುಡುಗಿ ದೊಡ್ಡ ಊರಿನವಳು. ಮುಖ ಅವಳದು, ಬೀಳುವವಳು ಬೇರೆ ಬೇಕಿತ್ತು. ದುಬಲಗುಂಡಿಯಿಂದ ತಮ್ಮನ ಜೊತೆ ಬರುತ್ತಿದ್ದ ಒಬ್ಬಳನ್ನು ಅದಕ್ಕೆ ಆರಿಸಿದೆ. ಹುಮನಾಬಾದಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಸುಗ್ಗಿಯಲ್ಲಿ ತಾಯಿಯ ಜೊತೆ ತೊಗರಿ ಕೊಯ್ಲಿಗೆ ಹೋಗುತ್ತಿದ್ದಳು. ಅಂಜಿಕೆ ಇಲ್ಲದವಳೇನಲ್ಲ. ಮೊದಲ ಸಲ ಗೋದಾಮಿನ ಕಟ್ಟೆಯ ಮೇಲಿಂದ ಜಿಗಿಯಲು ಹೇಳಿದಾಗ ಎರಡು ಸಲ ಅಂಚಿನ ತನಕ ಬಂದು ಹಿಂದೆ ಸರಿದಳು. ಮೂರನೇ ಸಲ ಜಿಗಿದಳು. ಎದ್ದು, ಅಂಜಿಕೆ ಬಂದ್ರೂ ಜಿಗೀಬಹುದು ಅಂತ ನನಗ ಗೊತ್ತಿರ್ಲಿಲ್ಲ ಎಂದಳು.

ಕಾವಲು ಪಡೆಯ ಮುಖಂಡನ ಪಾತ್ರ ಮಾತ್ರ ನನ್ನ ಕೈಯಲ್ಲಿ ಇರಲಿಲ್ಲ. ಚಿತ್ರೀಕರಣಕ್ಕೆ ಗೊತ್ತುಮಾಡಿದ್ದ ಕೆಂಪು ಕಲ್ಲಿನ ಖಣಿ ಬಸವಕಲ್ಯಾಣದ ದಾರಿಯಲ್ಲಿತ್ತು. ಅದರ ಮಾಲಕನ ಅಣ್ಣನ ಮಗನಿಗೆ ಆ ಪಾತ್ರ ಕೊಡಬೇಕೆಂಬುದು ಮೊದಲೇ ಆದ ಮಾತು. ಇಪ್ಪತ್ತೈದರ ಸುಮಾರಿನ ಗಟ್ಟಿಗ. ಕೋಲು ಬೀಸುವುದು ಬೇಗ ಕಲಿತ. ಬೀಳುವುದನ್ನು ಮಾತ್ರ ಕಲಿಯಲೊಲ್ಲೆ ಎಂದ.

"ಬೀಳೋರು ಅವ್ರು. ನಾ ಯಾಕ ಬೀಳ್ಲಿ ಉಸ್ತಾದ್?" ಎಂದು ತಾಡಪತ್ರಿಯ ಅಂಚಿನಲ್ಲಿ ಕೈಕಟ್ಟಿ ನಿಂತ.

ದೃಶ್ಯದಲ್ಲಿ ಅವನೂ ಬೀಳಬೇಕಿತ್ತು. ಹುಡುಗಿ ಅವನ ಕೋಲಿನ ಕೆಳಗೆ ನುಸುಳಿ, ಸೊಂಟಕ್ಕೆ ಸೊಂಟ ಕೊಟ್ಟು, ಅವನನ್ನು ಎತ್ತಿ ಹಾಕುವ ಪಟ್ಟು ಇತ್ತು. ಒಂದು ಮಧ್ಯಾಹ್ನ ಅದನ್ನು ಮಾಡಿಸಿದೆ. ದುಬಲಗುಂಡಿಯವಳು ಹೇಳಿಕೊಟ್ಟಂತೆ ಮಾಡಿದಳು. ಅವನು ಗದ್ದ ಎತ್ತಿಕೊಂಡೇ ಹೋಗಿ ಬೆನ್ನಡಿಯಾಗಿ ಬಿದ್ದ. ಉಸಿರು ಸಿಕ್ಕಿಕೊಂಡು ಮೀನಿನ ಹಾಗೆ ಬಾಯಿ ಬಿಟ್ಟ. ಕಾವಲು ಪಡೆಯಲ್ಲಿದ್ದ ಅವನ ಗೆಳೆಯರೇ ಮೊದಲು ನಕ್ಕರು. ಅವನು ಎದ್ದು, ತಾಡಪತ್ರಿಯ ಮೇಲೆ ಉಗುಳಿ, ನಮ್ಮ ಹೊಲದಾಗ ಕಳೆ ತೆಗಿಯೋಳು ಎಂದಷ್ಟೇ ಹೇಳಿ ಹೊರಗೆ ಹೋದ. ಅವಳು ನನ್ನ ಮುಖ ನೋಡಿದಳು. ಪಟ್ಟು ಸರಿಯಾಗಿ ಬಂದಿದೆ ಎಂದೆ. ನಿಜಕ್ಕೂ ಸರಿಯಾಗಿ ಬಂದಿತ್ತು.

ಖಣಿಯಲ್ಲಿ ಕೆಲಸ ಶುರುವಾದ ದಿನ ನಿರ್ದೇಶಕ ಒಂದು ಹೊಸ ಬೇಡಿಕೆ ಇಟ್ಟ. ದಂಗೆಕೋರರನ್ನು ಹೆದರಿಸಲು ಪಡೆಯವರು ಕಬ್ಬಿಣದ ಬಾಗಿಲಿಗೆ ಲಾಠಿ ಬಡಿಯುವ ಒಂದು ತುಣುಕು ಬೇಕು, ಟ್ಯೂಬಿನ ಕೋಲಿಗೆ ಸದ್ದಿಲ್ಲ. ಅದೊಂದಕ್ಕೆ ನಿಜವಾದ ಬಿದಿರು ತಂದೆವು. ತುಣುಕು ಮುಗಿದ ಕೂಡಲೇ ಬಿದಿರುಗಳನ್ನು ನಾನೇ ಕೂಡಿಸಿ ವ್ಯಾನಿಗೆ ಹಾಕಿ ಕೀಲಿ ಹಾಕಿದೆ. ಮುಖಂಡನಿಗೆ ತನ್ನದೇ ಒಂದು ಲಾಠಿ ಇತ್ತೆಂದು, ಮನೆಯಿಂದ ತಂದು ತನ್ನ ಜೀಪಿನಲ್ಲಿ ಇಟ್ಟಿದ್ದನೆಂದು ಆಮೇಲೆ ತಿಳಿಯಿತು.

ಬಾಗಿಲ ಮುಂದಿನ ಮೊದಲ ಮುತ್ತಿಗೆ. ಖಣಿಯ ಕೆಂಪು ಧೂಳು ಏಳಲೆಂದು ನೆಲ ಒಣದಾಗಿಯೇ ಬಿಟ್ಟಿದ್ದರು. ದಂಗೆಕೋರರು ಓಡಿಬಂದರು, ಪಡೆ ಎದುರು ನುಗ್ಗಿತು. ಕೋಲುಗಳು ಮೇಲೆದ್ದು ಇಳಿಯುತ್ತಿದ್ದವು, ಹುಡುಗರು ಕೂಗುತ್ತಿದ್ದರು, ಎಲ್ಲ ನಾವು ಕಟ್ಟಿದ ಲೆಕ್ಕದಲ್ಲೇ ನಡೆಯುತ್ತಿತ್ತು. ನಡುವೆ ಒಂದು ಸದ್ದು ಬಂತು. ಟ್ಯೂಬಿನ ಸದ್ದಲ್ಲ. ಹಸಿ ಟೊಂಗೆ ಮುರಿದಂಥದು. ನಾನು ನೋಡುವಷ್ಟರಲ್ಲಿ ದುಬಲಗುಂಡಿಯವಳು ಒಂದು ಮೊಣಕಾಲ ಮೇಲೆ ಕುಸಿದಿದ್ದಳು. ಬಲಭುಜ ಕೆಳಗೆ ಜಾರಿತ್ತು.

"ಬಸ್!" ಎಂದು ಕೂಗಿದೆ.

ಕೋಲುಗಳೆಲ್ಲ ಬಿದ್ದವು. ಅವನೊಬ್ಬನ ಲಾಠಿ ಬೀಳಲಿಲ್ಲ. ಅದು ಮತ್ತೊಮ್ಮೆ ಮೇಲೆದ್ದು, ನಿಧಾನವಾಗಿಯೇ ಎದ್ದು, ಅವಳ ಅದೇ ಭುಜದ ಮೇಲೆ ಇಳಿಯಿತು. ಅವಳು ಚೀರಲಿಲ್ಲ. ಗದ್ದ ಎದೆಗೆ ಒತ್ತಿಕೊಂಡು, ಆಡುವ ಒಂದೇ ಕೈಯಿಂದ ತಲೆ ಮುಚ್ಚಿಕೊಂಡು ಉಂಡೆಯಾದಳು. ನಾನು ಓಡಿಹೋಗಿ ಅವನ ಮಣಿಕಟ್ಟು ತಿರುಗಿಸಿ ಲಾಠಿ ಬಿಡಿಸಿದೆ. ಅವನು ಏದುಸಿರು ಬಿಡುತ್ತಿದ್ದ. ಹೆಲ್ಮೆಟ್ಟಿನ ಒಳಗೆ ಅವನ ಮುಖ ಬೆವತಿತ್ತು, ಶಾಂತವಾಗಿತ್ತು. ಹಿಂದಿನಿಂದ ನಿರ್ದೇಶಕ, ಸಿಕ್ಕಿತು, ತುಣುಕು ಸಿಕ್ಕಿತು ಎನ್ನುತ್ತಿದ್ದ. ಏನಾಗಿದೆ ಎಂದು ಅವನಿಗಿನ್ನೂ ಅರಿವಾಗಿರಲಿಲ್ಲ. ಅರಿವಾದ ಮೇಲೆ ಮಾತು ನಿಲ್ಲಿಸಿದ.

ಹುಮನಾಬಾದಿನ ಆಸ್ಪತ್ರೆಗೆ ನಮ್ಮ ಜೊತೆ ಕಂಪನಿಯ ಮ್ಯಾನೇಜರ್ ಬಂದಿದ್ದ. ಕೊರಳಿನಿಂದ ಭುಜಕ್ಕೆ ಬರುವ ಎಲುಬು ಎರಡು ಕಡೆ ಮುರಿದಿದೆ, ಭುಜದ ಕೀಲೂ ಒಡೆದಿದೆ ಎಂದರು. ಹೇಗಾಯಿತು ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ, ಕಲ್ಲಿನ ಮೇಲಿಂದ ಜಾರಿ ಬಿದ್ದಳು ಎಂದು ಮ್ಯಾನೇಜರ್ ಹೇಳಿದ. ಅಂಗಿಯ ತೋಳು ಕತ್ತರಿಸುತ್ತಿದ್ದಾಗ ಹಲ್ಲು ಕಚ್ಚಿಕೊಂಡಿದ್ದವಳು ಬಾಯಿ ತೆರೆದಳು.

"ಜಾರಿಲ್ಲ್ರಿ. ಹೊಡದಾರ. ಎರಡ ಸಲ."

ಡಾಕ್ಟರಮ್ಮ ಮ್ಯಾನೇಜರನನ್ನು ಹೊರಗೆ ಕಳಿಸಿ, ಠಾಣೆಗೆ ಫೋನು ಮಾಡಿಸಿದರು. ಪೊಲೀಸರು ಮರುದಿನ ಬಂದು ಹೇಳಿಕೆ ತೆಗೆದುಕೊಳ್ಳುವುದೆಂದಾಯಿತು.

ಅದೇ ದಿನ ಇಳಿಹೊತ್ತಿಗೆ ಖಣಿಯ ಮಾಲಕ ನಮ್ಮ ತಾಲೀಮಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಅಖಾಡದ ಮಣ್ಣು ಮುಟ್ಟಿ ನಮಸ್ಕರಿಸಿ ಚಾಪೆಯ ಮೇಲೆ ಕೂತ. ನಮ್ಮ ತಂದೆಯನ್ನು ನೆನೆದ. ಆಟದಲ್ಲಿ ಪೆಟ್ಟು ಆಗುತ್ತವೆ, ಹುಡುಗಿಯ ಔಷಧೋಪಚಾರ ತಾನು ನೋಡಿಕೊಳ್ಳುತ್ತೇನೆ, ಜಾರಿದ್ದನ್ನು ಉಸ್ತಾದ್ ಕಣ್ಣಾರೆ ಕಂಡಿದ್ದೇನೆ ಅಂದರೆ ಪೊಲೀಸರು ಮುಂದೆ ಕೇಳುವುದಿಲ್ಲ ಎಂದ. ಏಳುವಾಗ ಇನ್ನೊಂದು ಮಾತು ಸೇರಿಸಿದ. ಹೊಡೆದದ್ದು ಅಂತಾದರೆ, ಹೊಡೆಯೋದು ಕಲಿಸಿದವರು ಯಾರು ಎಂಬ ಪ್ರಶ್ನೆ ಮೊದಲು ಬರುತ್ತದೆ. ಅವನು ಬಂದುಹೋದದ್ದು ಓಣಿಯ ಜನರೆಲ್ಲ ನೋಡಿದ್ದರು.

ನನಗೂ ಆ ಪ್ರಶ್ನೆ ಇತ್ತು. ಕೋಲು ಎತ್ತಿ ಹೇಗೆ ಬೀಸಬೇಕು, ಸೊಂಟದಿಂದ ಶಕ್ತಿ ಹೇಗೆ ತರಬೇಕು ಎಂದು ಅವನಿಗೆ ಹೇಳಿಕೊಟ್ಟವನು ನಾನೇ. ಸುಳ್ಳು ಹೊಡೆತವನ್ನು ನಿಜದಂತೆ ಕಾಣಿಸಲು ಕಲಿಸಿದ್ದು ನಿಜವಾದ ಹೊಡೆತಕ್ಕೂ ಸಾಕಾಗುತ್ತದೆ. ಸುಮ್ಮನಿದ್ದುಬಿಡುವುದು ಸುಲಭವೆಂದು ಅನಿಸಿದ್ದೂ ಹೌದು.

ಬೆಳಿಗ್ಗೆ ಮತ್ತೆ ಖಣಿಗೆ ಹೋದೆ. ಖಣಿ ಸಿಗುವುದು ಅದೇ ಕೊನೆಯ ದಿನ, ಬೇರೊಬ್ಬ ಹುಡುಗಿಯನ್ನು ನಿಲ್ಲಿಸಿ ಮುತ್ತಿಗೆ ಮುಗಿಸಲೇಬೇಕು ಎಂದು ನಿರ್ದೇಶಕ ಹೇಳಿ ಕಳಿಸಿದ್ದ. ಮುಖಂಡನೂ ಇರುತ್ತಾನೆ, ಅವನನ್ನು ತೆಗೆದರೆ ಖಣಿಯ ಬಾಗಿಲೇ ತೆರೆಯುವುದಿಲ್ಲ. ದಂಗೆಕೋರರ ಪಾಲಿನ ಹುಡುಗರು ಬಂದು ಒಂದು ಬದಿಗೆ ಕೂತಿದ್ದರು. ಸದಾ ಗದ್ದಲ ಹಾಕುವವರು ಅಂದು ಗಪ್ಪಾಗಿದ್ದರು.

ಕೆಲಸಕ್ಕೆ ಮೊದಲು ಎಲ್ಲ ಕೋಲುಗಳನ್ನೂ ನಾನೇ ಪರೀಕ್ಷೆ ಮಾಡುತ್ತೇನೆ. ನಡುವೆ ಎರಡು ಬೆರಳಿಟ್ಟು ಎತ್ತಿದರೆ ಕೋಲು ತಕ್ಕಡಿಯ ಹಾಗೆ ಸಮ ನಿಲ್ಲಬೇಕು. ಸ್ಪಂಜು ಜಾರಿದ್ದರೆ, ಕೊಳವೆ ಬಿರುಕು ಬಿಟ್ಟಿದ್ದರೆ ಅದು ವಾಲುತ್ತದೆ. ದಂಗೆಕೋರರ ಕಟ್ಟಿನಲ್ಲಿ ಒಂದು ಕೋಲು ವಾಲಲೂ ಇಲ್ಲ, ನನ್ನ ಬೆರಳನ್ನೇ ಕೆಳಗೆ ಒತ್ತಿತು. ಚಾಕುವಿನಿಂದ ಟ್ಯೂಬು ಸೀಳಿದೆ. ಕೊಳವೆಯ ಒಳಗೆ ಕಟ್ಟಡಕ್ಕೆ ಹಾಕುವ ಕಬ್ಬಿಣದ ಸರಳು ಇತ್ತು. ಪಕ್ಕದ ಕೋಲಿನಲ್ಲೂ ಇತ್ತು. ಮುತ್ತಿಗೆಯ ಧೂಳಿನಲ್ಲಿ ಹೆಲ್ಮೆಟ್ಟಿನ ಮೇಲೆ ಅದು ಒಮ್ಮೆ ಬಿದ್ದಿದ್ದರೆ ಮುಖಂಡ ಏಳುತ್ತಿರಲಿಲ್ಲ. ನೋಡಿದವರು ನಟನೆ ಎಂದುಕೊಳ್ಳುತ್ತಿದ್ದರು.

ಹುಡುಗರನ್ನು ಕಲ್ಲಿನ ರಾಶಿಯ ಹಿಂದೆ ಕರೆದೊಯ್ದು ಎರಡೂ ಸರಳುಗಳನ್ನು ನಡುವೆ ಇಟ್ಟೆ. ದುಬಲಗುಂಡಿಯವಳ ತಮ್ಮ ಎದ್ದು ನಿಂತ. ಇಡೀ ರಾತ್ರಿ ಆಸ್ಪತ್ರೆಯಲ್ಲಿ ಕೂತುಬಂದವನು, ಕಣ್ಣು ಕೆಂಪಗಿದ್ದವು.

"ನಂದರಿ. ಅವ ಖರೇನ ಹೊಡದಾನ. ನಾವು ಟ್ಯೂಬಿನ್ಲೆ ಹೊಡೀಬೇಕೇನ್ರಿ ಉಸ್ತಾದ್?"

ಅವನು ಸತ್ತರೆ ನೀನು ಜೇಲಿಗೆ, ನಿನ್ನ ಅಕ್ಕನ ಮಾತು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದೆ. ನಾನು ಕಂಡದ್ದನ್ನು ಪೊಲೀಸರಿಗೆ ಕಂಡ ಹಾಗೇ ಹೇಳುತ್ತೇನೆ ಎಂದೂ ಹೇಳಿದೆ.

"ನಿನ್ನಿ ಅವ್ರು ನಿಮ್ಮ ಮನಿಗಿ ಬಂದು ಕುಂತಿದ್ರಂತ. ನಿಮ್ಮ ಮಾತು ಹ್ಯಾಂಗ ನಂಬ್ಲಿರಿ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲಿಯವರೆಗೆ ನಾನು ಯಾರ ಮುಂದೆಯೂ ಏನೂ ಅಂದಿರಲಿಲ್ಲ. ಕಲ್ಲಿನ ರಾಶಿಯ ಹಿಂದೆ ಮೆಲ್ಲಗೆ ಆಡುವ ಮಾತಿಗೆ ಬೆಲೆ ಇಲ್ಲವೆಂದು ಆಗ ಅರ್ಥವಾಯಿತು. ಸರಳುಗಳನ್ನು ಎತ್ತಿಕೊಂಡು ಖಣಿಯ ನೀರು ನಿಂತ ಗುಂಡಿಗೆ ಎಸೆದೆ. ನೇರ ಬಾಗಿಲ ಕಡೆಗೆ ನಡೆದೆ. ಗುಂಪಿಗೆ ಸೂಚನೆ ಕೊಡಲು ನಿರ್ದೇಶಕನ ಮೇಜಿನ ಮೇಲೆ ಕೈಮೈಕು ಇರುತ್ತಿತ್ತು. ಅದನ್ನು ತೆಗೆದುಕೊಂಡೆ. ನಿರ್ದೇಶಕ, ಮ್ಯಾನೇಜರ್, ಕರಿ ಅಂಗಿ ತೊಟ್ಟು ನಿಂತ ಪಡೆ, ಜೀಪಿಗೆ ಒರಗಿ ನಿಂತ ಮುಖಂಡ, ಅವನ ಪಕ್ಕದಲ್ಲಿ ಖಣಿಯ ಮಾಲಕ, ಎಲ್ಲರೂ ಇದ್ದರು.

"ನಿನ್ನಿ ಎರಡನೇ ಪೆಟ್ಟು ನಾ ಬಸ್ ಅಂದ ಮ್ಯಾಲ ಬಿದ್ದದ. ಅವ ಬೇಕಂತನ ಹೊಡದಾನ. ಇದನ್ನ ಪೊಲೀಸರ ಮುಂದ ಹೇಳ್ತೀನಿ. ಅವ ಇಲ್ಲಿ ಇರೋ ತನಕ ನಾ ಕೋಲು ಎತ್ತಸಂಗಿಲ್ಲ."

ಮೈಕಿನ ದನಿ ಖಣಿಯ ಗೋಡೆಗೆ ಬಡಿದು ಎರಡು ಸಲ ಕೇಳಿಸಿತು. ನಿರ್ದೇಶಕ ಬಂದು ನನ್ನ ತೋಳು ಹಿಡಿದು, ಮಧ್ಯಾಹ್ನದ ತನಕ ತಡೆದುಕೊಳ್ಳಿ ಎಂದು ಬೇಡಿಕೊಂಡ. ನಾನು ಬಾಗಿಲಿಗೆ ಅಡ್ಡ ಕೂತೆ. ದುಬಲಗುಂಡಿಯವಳ ತಮ್ಮ ಬಂದು ಪಕ್ಕದಲ್ಲಿ ಕೂತ. ಅವನ ಹಿಂದೆ ದಂಗೆಕೋರರೆಲ್ಲ ಬಂದು, ಹರಿದ ವೇಷದಲ್ಲೇ, ಬಾಗಿಲ ಮುಂದೆ ಕೂತರು. ಮಾಲಕ ಯಾರಿಗೋ ಫೋನು ಮಾಡುತ್ತ ತನ್ನ ಕಾರು ಹತ್ತಿ ಹೋದ. ಮುಖಂಡ ಅಲ್ಲೇ ಉಳಿದ.

ಬಿಸಿಲೇರುವ ಹೊತ್ತಿಗೆ ಮಾಲಕನ ಊರಾದ ಹಳ್ಳಿಖೇಡದಿಂದ ಎರಡು ಟ್ರ್ಯಾಕ್ಟರು ಬಂದವು. ಹಿಂದಿನ ಟ್ರಾಲಿಗಳಲ್ಲಿ ಜನ ನಿಂತಿದ್ದರು. ಕೈಯಲ್ಲಿ ಬಿದಿರು, ಗುದ್ದಲಿಯ ಮರದ ಕಾವು. ದುಬಲಗುಂಡಿಯವಳ ತಮ್ಮ ನೆಲದಿಂದ ಕಲ್ಲು ಎತ್ತಿಕೊಂಡ. ಖಣಿಯಲ್ಲಿ ಕಲ್ಲಿಗೇನು ಕೊರತೆ. ಇನ್ನೂ ನಾಲ್ಕಾರು ಕೈ ಕೆಳಗೆ ಹೋದವು. ಒಂದು ಕಲ್ಲು ಹಾರಿದರೂ ನಾವೇ ಮೊದಲು ಶುರು ಮಾಡಿದವರಾಗುತ್ತೇವೆ ಎಂದು ನನಗೆ ಗೊತ್ತಿತ್ತು. ಟ್ರ್ಯಾಕ್ಟರು ನಿಲ್ಲುವ ಮೊದಲೇ ತರಬೇತಿಯ ದನಿಯಲ್ಲಿ 'ಬಸ್' ಎಂದೆ. ಕಲ್ಲುಗಳು ಕೆಳಗೆ ಬಿದ್ದವು. ಅವಳ ತಮ್ಮ ಮಾತ್ರ ನನ್ನನ್ನು ದುರುಗುಟ್ಟಿ ನೋಡಿ, ಕೊನೆಗೆ ಬಿಟ್ಟ.

ಆಮೇಲೆ ಹೊಡೆತ ಬಿತ್ತು. ಅದನ್ನು ನಾನು ಸುಂದರ ಮಾಡಿ ಹೇಳಲಾರೆ. ಸರಣಿಯಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಜಾಗ ಬಿಟ್ಟಿರುತ್ತೇವೆ. ಇಲ್ಲಿ ಇರಲಿಲ್ಲ. ಮೊದಲ ಕಾವು ನನ್ನ ಎಡಗೈ ಮೇಲೆ ಬಿತ್ತು, ಎರಡು ಬೆರಳು ಹಿಂದಕ್ಕೆ ಮಡಚಿಕೊಂಡವು. ಎದುರಿನ ಸಾಲಿನ ಹುಡುಗನೊಬ್ಬನ ಬಾಯಿಗೆ ಒದ್ದರು. ಅವಳ ತಮ್ಮನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು, ಅವನು ಕುರುಡನ ಹಾಗೆ ಗಾಳಿಯಲ್ಲಿ ಕೈಯಾಡಿಸಿದ. ಗದ್ದ ಕೆಳಗೆ, ಕೈ ತಲೆ ಮೇಲೆ ಎಂದು ಕೂಗುತ್ತಲೇ ಇದ್ದೆ. ನಡುವಿನ ಸಾಲಿನವರು ಉಂಡೆಯಾದರು. ಒಬ್ಬಳು ಹುಡುಗಿ ದುಬಲಗುಂಡಿಯವಳ ತಮ್ಮನ ಕಂಕುಳಿಗೆ ಕೈ ಹಾಕಿ ಅವನನ್ನು ಹಿಂದಕ್ಕೆಳೆದಳು. ಅವಳ ಬೆನ್ನ ಮೇಲೆ ಬಿದಿರು ಬೀಳುತ್ತಿತ್ತು. ಅವಳು ಎಳೆಯುವುದನ್ನು ನಿಲ್ಲಿಸಲಿಲ್ಲ. ಧೂಳಿನಲ್ಲಿ ಬೂಟುಗಳು, ಚಪ್ಪಲಿಗಳು, ಬರಿಗಾಲುಗಳು. ಮುಖಂಡ ಆ ಹೊಡೆಯುವವರ ನಡುವೆಯೇ ಇದ್ದ. ಅವನ ಜೀಪಿನ ಬಾಗಿಲು ತೆರೆದಿತ್ತು, ಕೈಯಲ್ಲಿ ಮತ್ತೊಂದು ಲಾಠಿ ಇತ್ತು.

ಕಾವಲು ಪಡೆಯ ವೇಷದವರು ಅಷ್ಟು ಹೊತ್ತು ದೂರ ನಿಂತಿದ್ದರು. ಕೆಲವರು ಖಣಿಯ ಏಣಿ ಹತ್ತಿ ಓಡಿಹೋದರು. ಉಳಿದವರಲ್ಲಿ ಹಳ್ಳಿಖೇಡದ ಒಬ್ಬ ಇದ್ದ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ಹೊಡೆಯುವವನು, ಮಾತು ಕಡಿಮೆ, ಆರಡಿಯ ಮೈಯಿಂದಾಗಿ ಪಡೆಗೆ ಬಿದ್ದವನು. ಅವನು ಹೆಲ್ಮೆಟ್ಟು ಹಾಕಿಕೊಂಡ, ಪಡೆಯ ಫೈಬರ್ ಗುರಾಣಿ ಎತ್ತಿಕೊಂಡ, ನಡೆದು ಬಂದು ನಮ್ಮ ಮತ್ತು ಬಿದಿರುಗಳ ನಡುವೆ ನಿಂತ. ಬಂದವರಲ್ಲಿ ಒಬ್ಬ ಅವನ ಗುರುತಿನವನೇ. ನೀ ಯಾರ ಕಡಿ ಅದಿಯೋ ಎಂದು ಬೈದು ಗುರಾಣಿಗೆ ಬಡಿದ. ಇವನು ತಿರುಗಿ ಹೊಡೆಯಲಿಲ್ಲ, ಸರಿಯಲೂ ಇಲ್ಲ. ಮತ್ತೊಬ್ಬ ಬಂದು ಅವನ ಪಕ್ಕದಲ್ಲಿ ಗುರಾಣಿ ಹಿಡಿದ. ಇನ್ನೂ ಮೂರು ನಾಲ್ಕು ಜನ ಬಂದರು. ಮುತ್ತಿಗೆಯ ದೃಶ್ಯಕ್ಕಾಗಿ ಗುರಾಣಿಗೆ ಗುರಾಣಿ ಹೊಂದಿಸಿ ಗೋಡೆ ಕಟ್ಟುವುದನ್ನು ಅವರಿಗೆ ಕಲಿಸಿದ್ದೆ. ಅದೇ ಗೋಡೆ ನಮ್ಮ ಮುಂದೆ ಎದ್ದಿತು, ಮುಖ ಮಾತ್ರ ಆ ಕಡೆಗೆ. ಒಂದು ಕಾವು ಗುರಾಣಿಯ ಮೇಲಿಂದ ಜಾರಿ ಹಳ್ಳಿಖೇಡದವನ ಬಾಯಿಗೆ ಬಿತ್ತು. ಅವನು ಹಲ್ಲು ಉಗುಳಿ ಮತ್ತೆ ಗುರಾಣಿ ಎತ್ತಿದ.

ಅವರು ಗೋಡೆಯನ್ನು ಒಡೆಯಲಾಗದೆ ಇದ್ದ ಹೊತ್ತಿನಲ್ಲಿ ನಾವು ಪೆಟ್ಟಾದವರನ್ನು ಒಬ್ಬೊಬ್ಬರನ್ನಾಗಿ ಬಾಗಿಲ ಒಳಗೆ ಎಳೆದುಕೊಂಡೆವು. ಕ್ಯಾಮೆರಾದವನು ಫೋನು ಮಾಡಿದ್ದನಂತೆ. ಪೊಲೀಸ್ ಗಾಡಿ ಬಂದಾಗ ಟ್ರಾಲಿಯವರು ಅರ್ಧಕ್ಕರ್ಧ ಓಡಿಹೋಗಿದ್ದರು.

ಯಾರ ಜೀವವೂ ಹೋಗಲಿಲ್ಲ. ದುಬಲಗುಂಡಿಯವಳ ತಮ್ಮನ ಹಣೆಗೆ ಹೊಲಿಗೆ ಬಿದ್ದವು, ಬೆನ್ನು ಕೊಟ್ಟ ಹುಡುಗಿ ಬಹಳ ದಿನ ಬೋರಲಾಗಿ ಮಲಗಿದಳು, ನನ್ನ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಮೊದಲ ವಾರ ಮಾತ್ರ ನಾವೇ ಆರೋಪಿಗಳು. ಖಣಿಗೆ ನುಗ್ಗಿ ದೊಂಬಿ ಎಬ್ಬಿಸಿದರೆಂದು ಮಾಲಕ ದೂರು ಕೊಟ್ಟಿದ್ದ. ಠಾಣೆಯಲ್ಲಿ ಸಾಹೇಬರು ನನ್ನನ್ನು ಎದುರು ಕೂರಿಸಿಕೊಂಡು, ದಂಗಿ ಕಲಸೋದು ನಿಮ್ಮ ಧಂಧೇನ್ರಿ ಎಂದು ಕೇಳಿದರು. ಹೌದ್ರಿ, ಸುಳ್ಳು ದಂಗಿ ಎಂದೆ. ಅವರು ನಗಲಿಲ್ಲ. ಬ್ಯಾಂಡೇಜಿನ ಕೈ ನೋಡಿ, ಚಹಾ ತರಿಸಿ, ಮೊದಲಿನಿಂದ ಹೇಳಿ ಎಂದರು. ಹೇಳಿದೆ. ಹಳ್ಳಿಖೇಡದವನೂ ಅವನ ಜೊತೆ ಗುರಾಣಿ ಹಿಡಿದವರೂ ಬಂದು ಹೇಳಿದರು. ಮಾಲಕನ ಊರಿನವರೇ ಸಾಕ್ಷಿ ನುಡಿದದ್ದರಿಂದ ದೊಂಬಿಯ ದೂರು ನಿಲ್ಲಲಿಲ್ಲ. ನಮ್ಮ ಮೇಲೆ ಬಿದ್ದವರ ವಿಚಾರಣೆ ಬೇರೆಯಾಗಿ ನಡೆಯಿತು. ಹುಡುಗಿಯ ಭುಜ ಮುರಿದದ್ದಕ್ಕೆ ಮುಖಂಡನ ಮೇಲೆ ಇನ್ನೊಂದು ಮೊಕದ್ದಮೆ ಹೂಡಿದರು.

ಪೊಲೀಸರು ಮೊದಲ ದಿನದ ಚಿತ್ರ ಕೇಳಿದಾಗ, ಅದು ಹಾಳಾಗಿದೆ ಎಂದು ನಿರ್ದೇಶಕ ಹೇಳಿ ಕೈತೊಳೆದುಕೊಂಡಿದ್ದ. ಸರಣಿಯನ್ನು ಬೇರೆ ಜಿಲ್ಲೆಯಲ್ಲಿ ಮುಗಿಸಿದರು. ಆಮೇಲೆ ಟ್ರೇಲರ್ ಬಂತು. ಕೆಂಪು ಧೂಳು, ಕೂಗು, ಒಂದು ಲಾಠಿ ಇಳಿಯುತ್ತದೆ, ಹುಡುಗಿಯ ಭುಜ ಕುಸಿಯುತ್ತದೆ, ಅಷ್ಟಕ್ಕೆ ಕತ್ತರಿ. ಎಷ್ಟು ನಿಜ ಕಾಣುತ್ತದೆ ಎಂದು ನೋಡಿದವರೆಲ್ಲ ಹೊಗಳಿದ್ದರು. ಹಾಳಾಗಿದ್ದರೆ ಇದು ಎಲ್ಲಿಂದ ಬಂತು ಎಂದು ನಮ್ಮ ಕಡೆಯ ಸರ್ಕಾರಿ ವಕೀಲರು ಕೋರ್ಟಿನಲ್ಲಿ ಕೇಳಿದರು. ಪೂರ್ತಿ ಚಿತ್ರ ತರಿಸಲು ಆದೇಶವಾಯಿತು.

ಅದನ್ನು ಬಸವಕಲ್ಯಾಣದ ಕೋರ್ಟಿನಲ್ಲಿ ಹಾಕಿ ತೋರಿಸಿದ ದಿನ ನಾನು ಸಾಕ್ಷಿಯ ಕಟಕಟೆಯಲ್ಲಿದ್ದೆ. ಮುಖಂಡನ ವಕೀಲ ನುರಿತವನು. ನಲವತ್ತು ಜನ ಕೋಲು ಬೀಸುತ್ತಿರುವಾಗ ಯಾವುದು ನಟನೆ, ಯಾವುದು ನಿಜ ಎಂದು ನೀವು ಹೇಗೆ ಹೇಳುತ್ತೀರಿ ಎಂದು ಕೇಳಿದ. ನಾನು ಹೇಳಿದೆ: ನಟನೆಯಲ್ಲಿ ಹೊಡೆಸಿಕೊಳ್ಳುವವರು ಮೊದಲು ಕದಲುತ್ತಾರೆ, ಕೋಲು ಆಮೇಲೆ ಬರುತ್ತದೆ. ಏನು ಬರಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ಇಲ್ಲಿ ಕೋಲು ಮೊದಲು ಬಂದಿದೆ. ನ್ಯಾಯಾಧೀಶರು ಆ ತುಣುಕನ್ನು ನಿಧಾನ ಮಾಡಿಸಿ ಮತ್ತೆ ನೋಡಿದರು. ಆಮೇಲೆ ನನ್ನ ಕೂಗು ಕೇಳಿಸಿತು, ಕೋಲುಗಳು ಬಿದ್ದ ಸದ್ದು ಕೇಳಿಸಿತು, ಎಲ್ಲ ಕೈಗಳು ಬರಿದಾದ ಮೇಲೆ ಒಂದೇ ಲಾಠಿ ಮೇಲೆದ್ದದ್ದು ಕಾಣಿಸಿತು. ವಕೀಲ ಕಾಗದ ಮಡಚಿ ಕೂತ.

ಮುಖಂಡನಿಗೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಹೋಗಿ ಜಾಮೀನು ತಂದ. ಈಗ ಹೊರಗಿದ್ದಾನೆ, ಖಣಿಯೂ ನಡೆಯುತ್ತಿದೆ. ದುಬಲಗುಂಡಿಯವಳ ತಾಯಿ ಆ ಮನೆಯ ಹೊಲಕ್ಕೆ ಹೋಗುವುದನ್ನು ಬಿಟ್ಟು ದೂರದ ಹೊಲಗಳಿಗೆ ಹೋಗುತ್ತಾಳೆ. ನನಗೆ ಶೂಟಿಂಗಿನವರು ಫೋನು ಮಾಡುವುದು ನಿಂತಿದೆ. ತಾಲೀಮಿಗೆ ಮಾತ್ರ ಹುಡುಗರು ಹೆಚ್ಚು ಬರುತ್ತಿದ್ದಾರೆ, ಹುಡುಗಿಯರೂ ಬರುತ್ತಿದ್ದಾರೆ.

ತೀರ್ಪಿನ ದಿನ ದುಬಲಗುಂಡಿಯವಳೂ ಬಂದಿದ್ದಳು. ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿದೆವು. ಸರಣಿ ಚೆನ್ನಾಗಿ ಓಡಿದೆಯಂತೆ, ಮೂರನೇ ಭಾಗ ಮಾಡುತ್ತಾರಂತೆ ಎಂದು ಅವಳೇ ಹೇಳಿದಳು. ಎರಡನೇ ಭಾಗವನ್ನು ಪೂರ್ತಿ ನೋಡಿದೆಯಾ ಎಂದೆ. ತನ್ನ ತುಣುಕು ಬಂದಾಗ ಮೊಬೈಲು ಮಗುಚಿ ಇಟ್ಟು, ಮುಗಿದ ಮೇಲೆ ಮುಂದಕ್ಕೆ ನೋಡಿದಳಂತೆ.

"ಮೂರನೇದಕ್ಕ ನಿಮ್ಮನ್ನ ಕರದ್ರ, ನನಗ ಕಾವಲಿನವ್ರ ಪಾರ್ಟ್ ಕೊಡಸ್ರಿ. ನಿಂತು ಹೊಡಿಯೋದು ಇರ್ತದ, ಬೀಳೋದಿರಂಗಿಲ್ಲ" ಎಂದಳು.

ನಾನು ನಕ್ಕೆ. ಅವಳು ನಗುತ್ತಿರಲಿಲ್ಲ. ಅಷ್ಟರಲ್ಲಿ ಹುಮನಾಬಾದಿನ ಬಸ್ಸು ಬಂತು. ಜನ ನುಗ್ಗಿದರು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ಕಂಬಿಗೆ ಬಲಗೈ ಎತ್ತಲು ಹೋದಳು. ಕೈ ಎದೆಯಷ್ಟು ಎತ್ತರಕ್ಕೆ ಬಂದು ನಿಂತಿತು. ಎಡಗೈಯಿಂದ ಹಿಡಿದು ಹತ್ತಿದಳು.